ಜಾರ್ಜಿಯಾದಿಂದ ಮೇನ್‌ವರೆಗೆ: ನಡೆದವಳು ನಾನು, ನಡೆಸಿದವರು ಇವರು

ಅಪಲೇಚಿಯನ್ ಟ್ರೇಲ್ ಮುಗಿಸಿ ಶಾರ್ಲಟ್‌ಗೆ ಮರಳಿದ ಮೇಲೆ ಬಂದ ಸಂದೇಶಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಕುಳಿತೆ. ಎಲ್ಲರ ಮಾತೂ ಹೆಚ್ಚು ಕಡಿಮೆ ಒಂದೇ: ನಿಮ್ಮ ಛಲ ದೊಡ್ಡದು, ಈ ವಯಸ್ಸಿನಲ್ಲಿ ಒಬ್ಬರೇ ಅಷ್ಟು ದೂರ ನಡೆದಿರಲ್ಲ! ಹೊಗಳಿಕೆಯೇ ಬೇಡ ಎನ್ನುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಆದರೆ ಇಷ್ಟನ್ನೂ ನಾನೊಬ್ಬಳೇ ಇಟ್ಟುಕೊಂಡರೆ ಅರಗುವುದಿಲ್ಲ. ಯಾರ ಯಾರ ಪಾಲು ಎಷ್ಟು ಎಂದು ಇಲ್ಲಿಯೇ ಬರೆದುಬಿಡುತ್ತೇನೆ.

ಊರಿನವರಿಗಾಗಿ ಮೊದಲು ದಾರಿಯ ಪರಿಚಯ. ಅಮೆರಿಕದ ಪೂರ್ವ ಭಾಗದಲ್ಲಿ, ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ತುದಿಯ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಹೋಗುವ ಕಾಲುದಾರಿ ಇದು. 14 ರಾಜ್ಯಗಳನ್ನು ಹಾಯುತ್ತದೆ. ಉದ್ದ ಸುಮಾರು 3,500 ಕಿಲೋಮೀಟರ್. ಅಲ್ಲಲ್ಲಿ ದಾರಿಯನ್ನು ತಿದ್ದುತ್ತಲೇ ಇರುವುದರಿಂದ ವರ್ಷದಿಂದ ವರ್ಷಕ್ಕೆ ಅಳತೆ ತುಸು ಬದಲಾಗುತ್ತದೆ. 1921ರಲ್ಲಿ ಬೆಂಟನ್ ಮೆಕೈ ಎಂಬ ಅರಣ್ಯತಜ್ಞರು ಇಂಥ ದಾರಿಯೊಂದು ಬೇಕೆಂದು ಲೇಖನ ಬರೆದರು, 1937ರಲ್ಲಿ ಕೊನೆಯ ತುಂಡು ಕೂಡಿಕೊಂಡಿತು. ಒಂದೇ ಸಲಕ್ಕೆ ಪೂರ್ತಿ ನಡೆಯುತ್ತೇವೆಂದು ಹೊರಡುವವರಲ್ಲಿ ನಾಲ್ವರಿಗೆ ಒಬ್ಬರಷ್ಟೇ ಮುಗಿಸುತ್ತಾರೆಂದು ಟ್ರೇಲ್‌ನ ಉಸ್ತುವಾರಿ ಸಂಸ್ಥೆಯ ಅಂದಾಜು.

ಮೊದಲ ಪಾಲು ಸಲ್ಲಬೇಕಾದ್ದು ನಾನು ಹೆಸರು ಕೇಳಿರದ ಜನಕ್ಕೆ. ಈ ದಾರಿ ಸಾಗುವ ನೆಲ ಬಹುಮಟ್ಟಿಗೆ ಸರ್ಕಾರದ್ದೇ ಆದರೂ ದಾರಿಯನ್ನು ದಾರಿಯಾಗಿ ಉಳಿಸಿರುವವರು ಸಂಬಳವಿಲ್ಲದ ಸ್ವಯಂಸೇವಕರು. ಮೂವತ್ತರಷ್ಟು ಸಂಘಗಳು ಇಷ್ಟಿಷ್ಟು ದೂರ ಎಂದು ಹಂಚಿಕೊಂಡು ನೋಡಿಕೊಳ್ಳುತ್ತವೆ. ಬಿದ್ದ ಮರ ಕಡಿಯುವುದು, ಮಳೆನೀರು ದಾರಿಯನ್ನು ಕೊರೆಯದಂತೆ ಅಡ್ಡಗಟ್ಟೆ ಇಡುವುದು, ಬಂಡೆ ಉರುಳಿಸಿ ತಂದು ಮೆಟ್ಟಿಲು ಮಾಡುವುದು, ಮರದ ಮೇಲೆ ಎರಡು ಅಂಗುಲ ಅಗಲ, ಆರು ಅಂಗುಲ ಎತ್ತರದ ಬಿಳಿ ಪಟ್ಟಿ ಬಳಿಯುವುದು, ಎಲ್ಲವೂ ಅವರದೇ ಕೆಲಸ. ಈ ಬಿಳಿ ಪಟ್ಟಿಯನ್ನು ನೋಡಿಕೊಂಡೇ ನಾನು ಮೇನ್ ಮುಟ್ಟಿದ್ದು.

ಅವರ ಕೆಲಸದ ತೂಕ ನನಗೆ ತಿಳಿದದ್ದು ಹೊರಟ ಕಾಲದ ದೆಸೆಯಿಂದ. ನಾನು ಹೊರಟದ್ದು 2025ರ ಮಾರ್ಚ್‌ನಲ್ಲಿ. ಅದರ ಹಿಂದಿನ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಮ್ಮ ನಾರ್ತ್ ಕ್ಯಾರೊಲಿನಾದ ಪಶ್ಚಿಮ ಬೆಟ್ಟಗಳನ್ನು, ಟೆನೆಸಿಯನ್ನು, ವರ್ಜೀನಿಯಾದ ದಕ್ಷಿಣ ಭಾಗವನ್ನು ಬಡಿದು ಹಾಕಿತ್ತು. ಮೈಲಿಗಟ್ಟಲೆ ಮರಗಳು ಒಂದರ ಮೇಲೊಂದು ಒರಗಿದ್ದವು. ಆ ಚಳಿಗಾಲವಿಡೀ ಈ ಜನ ಗರಗಸ ಹಿಡಿದು ಕಾಡಿನಲ್ಲಿದ್ದರು. ನಾನು ಹೋಗುವ ಹೊತ್ತಿಗೆ ಆಳೆತ್ತರದ ದಿಮ್ಮಿಗಳ ನಡುವೆ ಒಬ್ಬರು ಹಾಯುವಷ್ಟು ಅಗಲದ ಸಂದು ಕತ್ತರಿಸಿಟ್ಟಿದ್ದರು. ಕೊಯ್ದ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ಟೆನೆಸಿಯ ಅರ್ವಿನ್ ಊರಿನ ಬಳಿ ನೋಲಿಚಕಿ ನದಿಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಅಲ್ಲಿ ನಡೆಯುವವರನ್ನು ದೋಣಿಯಲ್ಲಿ ದಾಟಿಸುವ ಏರ್ಪಾಡಾಗಿತ್ತು. ತಮ್ಮದೇ ಮನೆ ಅಂಗಡಿಗಳಿಗೆ ಕೆಸರು ನುಗ್ಗಿದ ಊರುಗಳವರು ನಮ್ಮಂಥ ಹವ್ಯಾಸಿಗಳ ದಾರಿಯ ಚಿಂತೆ ಮಾಡಿದ್ದರು. ನೆನೆಸಿಕೊಂಡರೆ ನಾಚಿಕೆಯೂ ಆಗುತ್ತದೆ.

ನಡೆಯುವವರಿಗೂ ದಾರಿ ಮಾಡಿದವರಿಗೂ ಒಂದು ಹಳೆಯ ಜಗಳವಿದೆ. ಒಂದು ಗುಡ್ಡವನ್ನು ಹತ್ತಿ, ಮೇಲೆ ನೋಡಲು ಮರ ಬಿಟ್ಟು ಬೇರೇನೂ ಇಲ್ಲದೆ ಇಳಿದು, ಮತ್ತೆ ಅಂಥದೇ ಗುಡ್ಡ ಹತ್ತುವಾಗ ಎಲ್ಲರ ಬಾಯಲ್ಲೂ ಅದೇ ಬೈಗುಳ: ಅರ್ಥವಿಲ್ಲದ ಏರಿಳಿತ! ನ್ಯೂ ಹ್ಯಾಂಪ್‌ಶೈರಿನ ಹಳೆಯ ದಾರಿಗಳು ಬಳಸಿ ಹತ್ತುವುದನ್ನೇ ಅರಿಯವು. ಬೆಟ್ಟದ ಬುಡದಿಂದ ನೆತ್ತಿಗೆ ನೆಟ್ಟಗೆ ಏರುತ್ತವೆ. ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ "ಗುಡ್ಡ ಸುತ್ತಿ ಹೋಗುವ ದಾರಿ ಯಾರಿಗೂ ತೋಚಲಿಲ್ಲವಾ?" ಎಂದಳು. ಘಟ್ಟದವರ ಪ್ರಶ್ನೆ ಅದು. ಸಮಾಧಾನದ ಉತ್ತರ ನನಗೆ ಈಗಲೂ ಹೊಳೆದಿಲ್ಲ.

ಅಮ್ಮನ ಪಾಲಿನ ಮಾತನ್ನು ಇಲ್ಲೇ ಹೇಳಿಬಿಡಬೇಕು, ಅದು ದೊಡ್ಡದು.

ನಾನು ನಡೆಯಲು ಹೊರಟಿದ್ದೇನೆ ಎಂದಾಗ ಅವಳು ಕೇಳಿದ ಮೊದಲ ಮಾತು, "ಯಾವ ಹರಕೆ?" ಹರಕೆಯಿಲ್ಲದೆ ತಿಂಗಳುಗಟ್ಟಲೆ ನಡೆಯುವವರನ್ನು ಅವಳು ಕಂಡಿಲ್ಲ. ಶಿವರಾತ್ರಿಗೆ ಬೆಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಬಲ್ಲಳು. ನಮ್ಮ ಚಿಕ್ಕಮ್ಮನೇ ಹೋಗಿದ್ದರು. ಹರಕೆ ಏನೂ ಇಲ್ಲ ಎಂದೆ. "ಹಾಗಾದರೆ ಯಾಕೆ?" ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಕೇಳತೊಡಗಿದ್ದು ಬೇರೆಯದನ್ನು: "ಸಂಜೆ ಮೈ ನೋಡಿಕೊಂಡೆಯಾ?"

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ನಮ್ಮ ಕಡೆ ಬೇಸಿಗೆಯ ಭಯ. ಅದನ್ನು ಹರಡುವುದು ಉಣುಗು. ಕಾಡಿಗೆ ಸೊಪ್ಪಿಗೆ, ದರಗಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕುದಿಸುವುದನ್ನು ನೋಡುತ್ತಲೇ ನಾನು ಬೆಳೆದೆ. ಅಪಲೇಚಿಯನ್ ಕಾಡಿನಲ್ಲೂ ಉಣುಗು ಇದೆ ಎಂದು ತಿಳಿದದ್ದೇ ಅಮ್ಮನಿಗೆ ಕರಡಿ, ಹಾವು ಎಲ್ಲ ಮರೆತುಹೋದವು. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನಿಂದ ಬಂದ ಹೆಸರು. ಸಣ್ಣ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ನೋಯುವುದಿಲ್ಲ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿದ್ದರೆ ಮಾತ್ರ ರೋಗಾಣು ದಾಟುತ್ತದೆ. ಹಾಗಾಗಿ ದಿನವೂ ನೋಡಿಕೊಳ್ಳುವವರು ಉಳಿದುಕೊಳ್ಳುತ್ತಾರೆ. ನನ್ನ ಜೊತೆಯ ಇಪ್ಪತ್ತರ ಹುಡುಗರು ಡೇರೆ ಹಾಕಿದವರೇ ಮಲಗಿಬಿಡುತ್ತಿದ್ದರು. ನಾನು ಮಾತ್ರ ತಲೆದೀಪ ಹಾಕಿಕೊಂಡು ಮಂಡಿಯ ಹಿಂಬದಿ, ಕಂಕುಳು, ಸೊಂಟದ ಪಟ್ಟಿಯ ಜಾಗ ಎಲ್ಲ ತಡಕುತ್ತಿದ್ದೆ. ಕನೆಕ್ಟಿಕಟ್‌ನಲ್ಲಿ ಒಂದು ಸಂಜೆ ಮಂಡಿಯ ಹಿಂದೆ ಒಂದು ಸಿಕ್ಕಿತು. ಮೊದಲ ದಿನವೂ ಅಲ್ಲ, ಎರಡನೆಯ ದಿನದ್ದಿರಬೇಕು, ಹೊಟ್ಟೆ ತುಸು ಉಬ್ಬಿತ್ತು. ಚಿಮಟದಿಂದ ಕಿತ್ತು, ಮರುದಿನ ಊರಿಗಿಳಿದು ತೋರಿಸಿದೆ. ಅಲ್ಲಿನ ಚಿಕಿತ್ಸಾಲಯದ ದಾದಿ ನೋಡಿ, ವೈದ್ಯರನ್ನು ಕೇಳಿ, ಒಂದೇ ಬಾರಿಗೆ ನುಂಗುವ ಡಾಕ್ಸಿಸೈಕ್ಲಿನ್ ಕೊಡಿಸಿದರು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಆ ದಾದಿಗೆ ಧನ್ಯವಾದ. ಆದರೆ ನನ್ನನ್ನು ಅಲ್ಲಿಗೆ ಕಳಿಸಿದವಳು ಸಾಗರದ ಮನೆಯ ಜಗುಲಿಯಲ್ಲಿ ಕುಳಿತಿದ್ದಳು.

ಇನ್ನೊಂದು ಸಲ ಅವಳೇ ನನ್ನನ್ನು ಹಿಡಿದು ನಿಲ್ಲಿಸಿದಳು. ವರ್ಜೀನಿಯಾ ಎಂಬ ರಾಜ್ಯವೊಂದರಲ್ಲೇ ಈ ದಾರಿಯ ಕಾಲು ಭಾಗವಿದೆ. ಮೊದಲ ವಾರಗಳ ಹುರುಪು ಆ ಹೊತ್ತಿಗೆ ಇಳಿದಿರುತ್ತದೆ, ಕೊನೆ ಇನ್ನೂ ಕಣ್ಣಿಗೆ ಕಾಣುವುದಿಲ್ಲ, ಸುತ್ತ ಬರೀ ಹಸಿರು ಗೋಡೆ. ಕುವೋಹಿ ಶಿಖರದಂಥ ಎತ್ತರ (6,643 ಅಡಿ, ಇಡೀ ದಾರಿಯಲ್ಲೇ ಹೆಚ್ಚು) ಆಗಲೇ ಹಿಂದೆ ಬಿದ್ದಿರುತ್ತದೆ. ಕಷ್ಟ ಎನ್ನುವಂಥದ್ದು ಏನೂ ಇರಲಿಲ್ಲ, ಅದೇ ಕಷ್ಟ. ದಿನಗಟ್ಟಲೆ ಮಳೆ ಸುರಿದು, ಒದ್ದೆ ಕಾಲುಚೀಲವನ್ನೇ ಮತ್ತೆ ಹಾಕಿಕೊಂಡು, ಕಾಲ್ಬೆರಳ ಉಗುರು ಕಿತ್ತು ಬಂದ ದಿನ ಅಮ್ಮನಿಗೆ ಫೋನ್ ಮಾಡಿ ಸಾಕು, ಮನೆಗೆ ಹೋಗುತ್ತೇನೆ ಎಂದೆ. ಧೈರ್ಯ ಹೇಳುತ್ತಾಳೆ ಎಂದುಕೊಂಡಿದ್ದೆ. "ಹೋಗುವುದಾದರೆ ಹೋಗು. ಈಗ ಬಿಸಿ ಏನಾದರೂ ಉಂಡು ಮಲಗು, ಬೆಳಗ್ಗೆ ಎದ್ದು ಹೇಳು" ಎಂದಳು. ಬೆಳಗ್ಗೆ ಮಳೆ ನಿಂತಿರಲಿಲ್ಲ. ಆದರೂ ಹೇಳಬೇಕೆನಿಸಲಿಲ್ಲ, ನಡೆದೆ. ಹುರಿದುಂಬಿಸುವ ಮಾತುಗಳು ನನಗೆ ಬೇಕಾದಷ್ಟು ಬಂದಿದ್ದವು, ಒಂದೂ ನೆನಪಿನಲ್ಲಿಲ್ಲ.

ಧರ್ಮಸ್ಥಳದ ದಾರಿಯ ಮಾತು ಬಂದದ್ದು ಸುಮ್ಮನಲ್ಲ. ಪಾದಯಾತ್ರಿಗಳಿಗೆ ಪಾನಕ, ಮಜ್ಜಿಗೆ ಕೊಡುವ ಜನ ಅಲ್ಲಿ ಇರುವ ಹಾಗೆ ಇಲ್ಲೂ ಇದ್ದಾರೆ. ರಸ್ತೆ ದಾಟುವ ಕಡೆ ವಾಹನದ ಹಿಂಬಾಗಿಲು ತೆರೆದು ಕಿತ್ತಳೆ, ತಂಪು ಸೋಡಾ, ಬೇಯಿಸಿದ ಆಲೂಗಡ್ಡೆ ಇಟ್ಟುಕೊಂಡು ಗಂಟೆಗಟ್ಟಲೆ ಕಾಯುತ್ತಾರೆ. ಮಾಂಸ ತಿನ್ನುವುದಿಲ್ಲ ಎಂದರೆ ಬೇಸರಿಸದೆ ಚೀಸ್ ಇಟ್ಟ ಬ್ರೆಡ್ ಬಿಸಿ ಮಾಡಿಕೊಟ್ಟವರಿದ್ದಾರೆ. ಹೆಸರು ಕೇಳಿದರೆ ಹೇಳದೆ ಇನ್ನೊಂದು ತಗೊಳ್ಳಿ ಎಂದವರು. ಮೇನ್‌ನ ಕೆನೆಬೆಕ್ ನದಿಯ ದೋಣಿಯವನಿಗೂ ಇಲ್ಲೇ ನಮಸ್ಕಾರ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ನದಿ ಹಠಾತ್ತನೆ ಏರುತ್ತದೆ. 1985ರಲ್ಲಿ ದಾಟಲು ಹೋದ ಮಹಿಳೆಯೊಬ್ಬರು ಅಲ್ಲಿ ತೀರಿಕೊಂಡರು. ಈಗ ನಡಿಗೆಯ ಕಾಲದಲ್ಲಿ ದುಡ್ಡಿಲ್ಲದೆ ದಾಟಿಸುತ್ತಾರೆ. ದೋಣಿಯ ಒಳತಳದಲ್ಲೂ ಒಂದು ಬಿಳಿ ಪಟ್ಟಿ ಬಳಿದಿದ್ದಾರೆ, ಅದೂ ಅಧಿಕೃತ ದಾರಿಯೇ.

ಊಟದ ಋಣ ನೆರೆಮನೆಯ ಮೈಸೂರಿನ ಅಕ್ಕನದು. ಗೊಜ್ಜವಲಕ್ಕಿ, ಹುರಿಹಿಟ್ಟು, ಹುರಿಗಡಲೆ ಚಟ್ನಿಪುಡಿ ಎಲ್ಲವನ್ನೂ ಸೇರುಗಟ್ಟಲೆ ಮಾಡಿ, ಪೊಟ್ಟಣ ಕಟ್ಟಿ, ನಾನು ಹೇಳಿದ ಊರಿನ ಅಂಚೆ ಕಚೇರಿಗೆ ಬರುವ ಹಾಗೆ ಕಳಿಸುತ್ತಿದ್ದರು. ಗೊಜ್ಜವಲಕ್ಕಿಗೆ ಒಲೆಯೂ ಬೇಡ, ತಣ್ಣೀರಿನಲ್ಲೇ ನೆನೆಯುತ್ತದೆ. ಒಣ ನೂಡಲ್ಸ್‌ನಲ್ಲೇ ದಿನ ತಳ್ಳುತ್ತಿದ್ದ ಹುಡುಗರು ಅದರ ಸುತ್ತ ಸುಳಿದಾಡತೊಡಗಿದರು. ಟ್ರೇಲ್‌ನಲ್ಲಿ ನಿಜ ಹೆಸರು ಯಾರಿಗೂ ಬೇಡ, ಜೊತೆಯವರು ಇಟ್ಟ ಹೆಸರೇ ಹೆಸರು. ನಾನು ಮೇನ್‌ವರೆಗೂ "ಚಟ್ನಿ" ಆಗಿಯೇ ಹೋದೆ. ಅಕ್ಕಾ, ಆ ಹೆಸರಿನ ಹಕ್ಕು ನಿಮ್ಮದು.

ನ್ಯೂಜೆರ್ಸಿಯ ಗೆಳೆಯರು ಬೇರ್ ಮೌಂಟನ್‌ಗೆ ಬಿಸಿಬೇಳೆಬಾತ್ ತಂದರು, ದೊಡ್ಡ ಡಬ್ಬಿಯಲ್ಲಿ. ಹಡ್ಸನ್ ನದಿಯ ದಡದ ಆ ಜಾಗದಲ್ಲಿ ದಾರಿ ಒಂದು ಪುಟ್ಟ ಮೃಗಾಲಯದೊಳಗೇ ಹಾದು ಹೋಗುತ್ತದೆ. ಇಡೀ ಟ್ರೇಲ್‌ನ ಅತಿ ತಗ್ಗಿನ ಸ್ಥಳವೂ ಅದೇ. ಇಷ್ಟು ದಿನ ಕಾಡಿನಲ್ಲಿ ಕಾಣದ ಪ್ರಾಣಿಗಳನ್ನು ಪಂಜರದಲ್ಲಿ ನೋಡಿದೆ. ಸ್ನಾನವಿಲ್ಲದ ನನ್ನ ಪಕ್ಕದಲ್ಲಿ ಮೂಗು ಮುಚ್ಚದೆ ಕುಳಿತು ಉಂಡ ಗೆಳೆಯರ ಸಂಯಮವನ್ನು ಪಂಜರದ ಕರಡಿಯೂ ಗಮನಿಸಿರಬೇಕು.

ವರ್ಮಾಂಟ್‌ನಲ್ಲಿ ತಂಗುಮನೆಯೊಂದರ ದಾಖಲೆ ಪುಸ್ತಕ ತೆರೆದಾಗ ಕನ್ನಡ ಅಕ್ಷರ ಕಂಡು ಎರಡೆರಡು ಸಲ ನೋಡಿದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ಯಾರೋ ಬರೆದಿದ್ದರು: "ಮುಂದಿನ ತೊರೆ ಬತ್ತಿದೆ. ಇಲ್ಲೇ ನೀರು ತುಂಬಿಸಿಕೊಳ್ಳಿ. ಸೊಳ್ಳೆಗೆ ಮಾತ್ರ ಬರವಿಲ್ಲ." ಕೆಳಗೆ ಸಹಿಯ ಜಾಗದಲ್ಲಿ "ಹಾಸನ" ಎಂದಷ್ಟೇ. ಆ ಪುಸ್ತಕ ನೋಡಿದ ನೂರಾರು ಜನರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಎಂದು ಯೋಚಿಸದೆ ಬರೆದಿದ್ದಾರೆ. ಹಾಸನದವರೇ, ನೀವು ಎಲ್ಲಿದ್ದರೂ ನಿಮ್ಮ ಮಾತು ಕೇಳಿ ನೀರು ತುಂಬಿಸಿಕೊಂಡೆ. ತೊರೆ ನಿಜಕ್ಕೂ ಬತ್ತಿತ್ತು.

ಒಹಾಯೊದ ನಿವೃತ್ತ ಶಿಕ್ಷಕಿಯೊಬ್ಬರು ವರ್ಜೀನಿಯಾದ ಡಮಾಸ್ಕಸ್ ಎಂಬ ಊರಿನಿಂದ ನನ್ನ ಜೊತೆಗಿದ್ದರು. ಒಬ್ಬರ ಗೊರಕೆ ಇನ್ನೊಬ್ಬರಿಗೆ ಒಗ್ಗಿತ್ತು. ಪೆನ್ಸಿಲ್ವೇನಿಯಾದ ಉತ್ತರಾರ್ಧ ಪೂರ್ತಿ ಚೂಪು ಕಲ್ಲು, ಶೂಗಳೆಲ್ಲ ಅಲ್ಲಿಗೆ ಸಾಯಲು ಬರುತ್ತವೆಂದು ನಡೆಯುವವರು ಹೇಳುತ್ತಾರೆ. ಅಲ್ಲಿ ಅವರ ಪಾದದ ಮೂಳೆ ಬಿರುಕು ಬಿಟ್ಟಿತು. ನನಗಿಂತ ಗಟ್ಟಿ ನಡಿಗೆ ಅವರದು, ಮುಗಿಸಲು ಅರ್ಹರೂ ಅವರೇ. ಊರುಗೋಲಿನಲ್ಲಿ ಬಸ್ಸಿಗೆ ಹೋಗುವಾಗ ತಮ್ಮ ಒಣಹಣ್ಣಿನ ಚೀಲವನ್ನು ನನ್ನ ಬೆನ್ನಿಗೆ ತುರುಕಿದರು. ಸೆಪ್ಟೆಂಬರ್‌ನಲ್ಲಿ ನಾನು ಕಟಾಡಿನ್ ಇಳಿದು ಬಂದಾಗ ಕೆಳಗಿನ ಶಿಬಿರದ ಬಳಿ ಕಾರು ನಿಲ್ಲಿಸಿಕೊಂಡು ಕಾದಿದ್ದವರೂ ಅವರೇ. ಒಹಾಯೊದಿಂದ ಅಲ್ಲಿಯವರೆಗೆ ಓಡಿಸಿಕೊಂಡು ಬಂದಿದ್ದರು. ನನ್ನ ಮೇಲೆ ಹೊಟ್ಟೆಕಿಚ್ಚಿದೆ ಎಂದು ನೇರವಾಗಿ ಹೇಳಿ, ಆಮೇಲೆ ತಬ್ಬಿಕೊಂಡರು.

ಕಟಾಡಿನ್ ತುದಿಯ ವರ್ಣನೆ ಕೇಳಿದವರಿಗೆ: ಮಂಜು. ಹಲಗೆಯ ಪಕ್ಕ ನಿಂತ ಫೋಟೋ ಬಿಟ್ಟರೆ ಏನೂ ಕಾಣಲಿಲ್ಲ. ಅದಕ್ಕಿಂತ ಮೇನ್‌ನ ಮಹೂಸಕ್ ನಾಚ್ ಎಂಬ ಇಕ್ಕಟ್ಟಿನ ಕಣಿವೆ ಚೆನ್ನಾಗಿ ನೆನಪಿದೆ. ಒಂದೇ ಮೈಲಿ, ಆದರೆ ಮನೆಯಷ್ಟೆತ್ತರದ ಬಂಡೆಗಳ ಮೇಲೆ, ಕೆಳಗೆ, ನಡುವೆ ತೆವಳಬೇಕು. ಬೆನ್ನುಚೀಲ ಕಳಚಿ ನೂಕಿಕೊಂಡು ಹೋಗಬೇಕಾದ ಕಡೆ ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ಕೈ ಕೊಟ್ಟು ಎಳೆದುಕೊಂಡ. ಅವನಿಗೂ ನಮಸ್ಕಾರ.

ನಮ್ಮವರಿಗೆ ಈ ನಡಿಗೆ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಆದರೂ ಸ್ಪ್ರಿಂಗರ್‌ವರೆಗೆ ಕಾರಿನಲ್ಲಿ ಬಿಟ್ಟರು, ಸವೆದ ಶೂ ಬದಲಿಗೆ ಅಳತೆ ದೊಡ್ಡದಾದ ಹೊಸ ಶೂಗಳನ್ನು ಹೇಳಿದ ಊರಿಗೆಲ್ಲ ಕಳಿಸಿದರು, ಒಂದು ಸಲವೂ "ನಾನು ಆಗಲೇ ಹೇಳಿರಲಿಲ್ಲವಾ" ಎನ್ನಲಿಲ್ಲ. ಅವರಿಗೆ ಸಾರು ಮಾಡಲು ಬಂದಿದೆ. ನಾನು ಇನ್ನು ಅಡುಗೆಮನೆಗೆ ಅವಸರದಲ್ಲಿ ಮರಳುವವಳಲ್ಲ. ಸಂಬಳವಿಲ್ಲದ ರಜೆ ಕೊಟ್ಟ ಕಚೇರಿಗೂ, ನನ್ನ ಕೆಲಸ ಹೊತ್ತ ಸಹೋದ್ಯೋಗಿಗಳಿಗೂ ವಂದನೆಗಳು.

ದಾರಿ ತಿದ್ದುವ ಸಂಘವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ವಸಂತ ಬಂದ ಮೇಲೆ ಶನಿವಾರಗಳಂದು ನನ್ನನ್ನು ಹುಡುಕುವವರು ಮನೆಗೆ ಬರಬೇಡಿ. ಬರುವ ವರ್ಷ ಹೊರಡುವ ಮನಸ್ಸಿರುವ ಕನ್ನಡಿಗರು ಯಾರಾದರೂ ಇದ್ದರೆ ತಿಳಿಸಿ. ಕರಡಿ ತೆರೆಯಲಾರದ ಊಟದ ಡಬ್ಬ ಇದೆ, ಡೇರೆ ಇದೆ, ಚಿಮಟವೂ ಇದೆ, ಕೊಡುತ್ತೇನೆ. ಶೂಗಳನ್ನು ಮಾತ್ರ ಕೇಳಬೇಡಿ, ಅವನ್ನು ನಮ್ಮವರು ಗ್ಯಾರೇಜಿನಿಂದಲೂ ಹೊರಗೆ ಹಾಕಿದ್ದಾರೆ.