2231ರಿಂದ 2187ಕ್ಕೆ: ನನ್ನ ಆಟವನ್ನು ಕೇಳದೆ ಅಳಿಸಿದ್ದರ ಬಗ್ಗೆ ದೂರು

ಇವರಿಂದ:
ನಿವೃತ್ತ ಬ್ಯಾಂಕ್ ನೌಕರ,
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ:
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ದಿನಾಂಕ: 4 ಆಗಸ್ಟ್ 2025

ವಿಷಯ: ತಮ್ಮ ಆ್ಯಪ್‌ನ ಕ್ಲೌಡ್ ವ್ಯವಸ್ಥೆಯು (ಫೈಲುಗಳ ಪ್ರತಿಯನ್ನು ತಮ್ಮ ಸರ್ವರ್‌ನಲ್ಲಿಡುವ ಏರ್ಪಾಡು) ನನ್ನ ಕಂಪ್ಯೂಟರಿನಲ್ಲಿದ್ದ ಆಟದ 61 ಫೈಲುಗಳನ್ನು ಕೇಳದೆ ಅಳಿಸಿದ ಬಗ್ಗೆ.

ಮಾನ್ಯರೇ,

ಇದೇ ವಿಷಯದಲ್ಲಿ ನಾನು ತಮ್ಮ ಸಂಸ್ಥೆಗೆ ಬರೆಯುತ್ತಿರುವ ನಾಲ್ಕನೆಯ ಪತ್ರವಿದು. ಮೊದಲ ಮೂರಕ್ಕೆ ಬಂದ ಉತ್ತರಗಳನ್ನು ನೋಡಿದರೆ, ಅವನ್ನು ಅಲ್ಲಿ ಯಾರೂ ಓದಿಲ್ಲ ಎಂಬುದು ಸ್ಪಷ್ಟ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಪತ್ರ ಉದ್ದವಾಗುತ್ತದೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಕಳೆದ ಸಂಕ್ರಾಂತಿಯ ರಿಯಾಯಿತಿಯಲ್ಲಿ ತಮ್ಮ ಆನ್‌ಲೈನ್ ಅಂಗಡಿಯಿಂದ ‘ಆಲ್ಫಾ ಸೆಂಟಾರಿ’ ಎಂಬ ಕಂಪ್ಯೂಟರ್ ಆಟವನ್ನು 349 ರೂಪಾಯಿಗೆ ಕೊಂಡೆ. 1999ರಲ್ಲಿ ಬಂದ ಆಟ. ಈಗ ನೋಡಿದರೆ ಚಿತ್ರಗಳು ಮಂಕು, ಅಕ್ಷರಗಳು ಸಣ್ಣವು. ಆಟದ ಮೇಲೆ ನನಗೆ ಯಾವ ದೂರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಸಿಬ್ಬಂದಿಯೊಬ್ಬರು ಉತ್ತರದಲ್ಲಿ ‘ಹಳೆಯ ಆಟಗಳಲ್ಲಿ ಇಂಥ ತೊಂದರೆ ಸಹಜ’ ಎಂದು ಬರೆದಿದ್ದಾರೆ. ಇಪ್ಪತ್ತಾರು ವರ್ಷದ ಆಟ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಕೆಟ್ಟದ್ದು ತಮ್ಮ ಹೊಸ ಆ್ಯಪ್.

ಈ ಆಟದ ಪರಿಚಯವಿಲ್ಲದವರ ಕೈಗೆ ಈ ಪತ್ರ ಹೋದರೆ ಎಂದು ಸ್ವಲ್ಪ ವಿವರಿಸುತ್ತೇನೆ. ಭೂಮಿಯಿಂದ ಹೊರಟ ನೌಕೆಯೊಂದು ಬೇರೆ ನಕ್ಷತ್ರದ ಗ್ರಹಕ್ಕೆ ತಲುಪುವ ಹೊತ್ತಿಗೆ ಅದರಲ್ಲಿದ್ದವರು ಜಗಳವಾಡಿ ಏಳು ಪಂಗಡಗಳಾಗಿರುತ್ತಾರೆ. 2101ನೆಯ ಇಸವಿಯಿಂದ ಆಟ ಶುರು. ಒಂದು ಸರದಿಗೆ ಒಂದು ವರ್ಷ. ಚೌಕಾಬಾರದಂತೆ ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಎಷ್ಟು ಹೊತ್ತು ಯೋಚಿಸಿದರೂ ಗಡಿಯಾರ ಓಡುವುದಿಲ್ಲ. ಅರವತ್ತೆರಡರ ನನ್ನ ಬೆರಳಿಗೆ ಇದೇ ಸರಿ. ನೆಲೆಗಳನ್ನು ಕಟ್ಟಬೇಕು, ನೆಲವನ್ನು ಹದ ಮಾಡಬೇಕು, ಶಿಲೀಂಧ್ರದ ಕಾಡಿನಿಂದ ನುಗ್ಗಿ ಮನಸ್ಸಿಗೇ ಕೈಹಾಕುವ ಹುಳುಗಳನ್ನು ತಡೆಯಬೇಕು. ಆ ಹುಳುಗಳ ಮುಂದೆ ಎಷ್ಟು ದೊಡ್ಡ ತೋಪಿದ್ದರೂ ಪ್ರಯೋಜನವಿಲ್ಲ, ಸೈನಿಕರ ಸ್ಥೈರ್ಯವೊಂದೇ ಲೆಕ್ಕಕ್ಕೆ ಬರುತ್ತದೆ.

ನಾನು ಆಡುವುದು ಪ್ರವೀಣ್ ಲಾಲ್ ಎಂಬ ನಾಯಕನ ಪಕ್ಷದಲ್ಲಿ. ಹೆಸರು ನಮ್ಮ ಕಡೆಯದು ಎಂಬ ಅಭಿಮಾನ ಸ್ವಲ್ಪ, ಗ್ರಹದ ಸಭೆಯ ಚುನಾವಣೆಯಲ್ಲಿ ಅವರಿಗೆ ಎರಡು ಪಟ್ಟು ಮತ ಎಂಬ ಲೆಕ್ಕಾಚಾರ ಹೆಚ್ಚು. ನನ್ನ ಭಾವಮೈದುನ ಆಡುವುದು ಮಾರ್ಗನ್ ಪಕ್ಷದಲ್ಲಿ, ಅದು ವ್ಯಾಪಾರಿಗಳ ಪಂಗಡ. ಆತನದು ಅಡಿಕೆ ಮಂಡಿ. ಬೇರೆ ಪಂಗಡವನ್ನು ಆತ ಒಮ್ಮೆಯೂ ತಿರುಗಿ ನೋಡಿಲ್ಲ. ಒಂದೇ ಕಂಪ್ಯೂಟರಿನ ಮುಂದೆ ಸರದಿಯಂತೆ ಕುರ್ಚಿ ಬದಲಿಸಿ ಆಡುವ ಸೌಲಭ್ಯ ಈ ಆಟದಲ್ಲಿದೆ. ಒಬ್ಬರು ಆಡುವಾಗ ಇನ್ನೊಬ್ಬರು ಅಡುಗೆಮನೆಗೆ ಹೋಗಿ ಕಾಫಿ ಕುಡಿಯಬೇಕು, ಇಣುಕಬಾರದು. ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ನಮ್ಮ ಆಟ. ಮದುವೆ ಮುಹೂರ್ತಗಳಿದ್ದ ಭಾನುವಾರಗಳನ್ನು ಬಿಟ್ಟು ಜನವರಿಯಿಂದ ಇದು ತಪ್ಪಿಲ್ಲ. ಮೇ 25ರ ಹೊತ್ತಿಗೆ ನಾವು 2187ನೆಯ ಇಸವಿಯಲ್ಲಿದ್ದೆವು. ಅಂದು ರಾತ್ರಿ ತಮ್ಮ ಆ್ಯಪ್ ಎಲ್ಲ ಫೈಲುಗಳನ್ನೂ ತಮ್ಮ ಸರ್ವರ್‌ಗೆ ಕಳುಹಿಸಿದ ದಾಖಲೆ ಇದೆ.

ಆ ವಾರವೇ ಮಳೆ ಹಿಡಿಯಿತು. ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುವುದು ಇಲ್ಲಿ ವಿಶೇಷವಲ್ಲ. ಅಂಥ ಒಂದು ದಿನ ನನ್ನ ಕಂಪ್ಯೂಟರಿನೊಳಗಿನ ಗುಂಡಿ ಬ್ಯಾಟರಿ ಸತ್ತಿತು. ಪವರ್ ಇಲ್ಲದಾಗಲೂ ತಾರೀಖು ನೆನಪಿಟ್ಟುಕೊಳ್ಳುವ ಬ್ಯಾಟರಿ ಅದು, ಐವತ್ತು ರೂಪಾಯಿಯದ್ದು. ಅಲ್ಲಿಂದ ಮುಂದೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ನನ್ನ ಕಂಪ್ಯೂಟರ್ 2014ರ ಜನವರಿ 1ಕ್ಕೆ ಹಿಂದಿರುಗುತ್ತಿತ್ತು. ತಾರೀಖು ತಪ್ಪಿದ್ದರಿಂದ ತಮ್ಮ ಆ್ಯಪ್ ಸರ್ವರ್‌ನೊಂದಿಗೆ ಸುರಕ್ಷಿತ ಸಂಪರ್ಕ ಸಾಧಿಸಲಾರದೆ ‘ಆಫ್‌ಲೈನ್’ ಎಂದು ತೋರಿಸಿತು. ನಾನು ನೆಟ್‌ವರ್ಕ್ ಇಲ್ಲವೆಂದುಕೊಂಡೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದಕ್ಕೆ ಕಾರಣ ಹುಡುಕುವ ಅಭ್ಯಾಸ ನಮಗಿಲ್ಲ. ಆಟವಂತೂ ನಡೆಯುತ್ತಿತ್ತು. ಏಳು ಭಾನುವಾರ ಹಾಗೆಯೇ ಆಡಿದೆವು. ಜುಲೈ 13ರ ಸಂಜೆ ನಾವು ಎದ್ದಾಗ 2231ನೆಯ ಇಸವಿ.

ಬ್ಯಾಟರಿ ಸತ್ತದ್ದನ್ನು ಗಮನಿಸದೆ ಇದ್ದದ್ದು ನನ್ನ ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ. ಮುಂದಿನದು ನಿಮ್ಮದು.

ಜುಲೈ 16ರಂದು ರಿಪೇರಿ ಅಂಗಡಿಯ ಹುಡುಗ ಬಂದು ಬ್ಯಾಟರಿ ಬದಲಿಸಿ ತಾರೀಖು ಸರಿಮಾಡಿದ. ತಮ್ಮ ಆ್ಯಪ್ ತೆರೆದೆ. ಮೋಡದ ಗುರುತೊಂದು ಐದಾರು ಸೆಕೆಂಡು ಸುತ್ತಿತು, ಹಸಿರಾಯಿತು, ‘ಎಲ್ಲ ಫೈಲುಗಳೂ ಸರಿಹೊಂದಿವೆ’ ಎಂದಿತು. ನಾನು ಆ ಹುಡುಗನಿಗೆ ಖುಷಿಯಿಂದ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಕಳುಹಿಸಿದೆ.

ಆ ಐದಾರು ಸೆಕೆಂಡಿನಲ್ಲಿ ನಡೆದದ್ದೇನು ಎಂಬುದು ತಮ್ಮ ಆ್ಯಪ್ ತಾನೇ ಬರೆದಿಟ್ಟ ಲಾಗ್ ಫೈಲಿನಲ್ಲಿದೆ. ಅದರ ಮುದ್ರಿತ ಪ್ರತಿ ಈ ಪತ್ರದ ಜೊತೆಗಿದೆ, ಸಂಬಂಧಪಟ್ಟ ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ನನ್ನ ಕಂಪ್ಯೂಟರಿನ ಫೈಲುಗಳ ಮೇಲೆ 2014ರ ತಾರೀಖು, ನಿಮ್ಮ ಸರ್ವರ್‌ನ ಫೈಲುಗಳ ಮೇಲೆ ಮೇ 2025ರ ತಾರೀಖು. ನನ್ನವು ಹಳೆಯವು ಎಂದು ಆ್ಯಪ್ ತೀರ್ಮಾನಿಸಿತು. ನಿಮ್ಮ ಪ್ರತಿಗಳನ್ನು ತಂದು ಇಳಿಸಿತು. ನಿಮ್ಮಲ್ಲಿ ಇಲ್ಲದ ಫೈಲುಗಳು, ಅಂದರೆ ಏಳು ಭಾನುವಾರಗಳಲ್ಲಿ ನಾವು ಉಳಿಸಿದ್ದೂ ಆಟ ತಾನಾಗಿ ಉಳಿಸಿಕೊಂಡದ್ದೂ ಸೇರಿ 61, ಅನಗತ್ಯವೆಂದು ಅಳಿಸಿಹಾಕಿತು. ಮರುಬಳಕೆ ಬುಟ್ಟಿಗೂ ಹಾಕಲಿಲ್ಲ. ನಾನು ಪ್ರತಿ ಫೈಲಿಗೂ ಆಟದ ಇಸವಿಯನ್ನೇ ಹೆಸರಾಗಿ ಇಟ್ಟಿದ್ದೆ. 2231 ಎಂಬುದು 2187ಕ್ಕಿಂತ ಮುಂದಿನದು ಎಂದು ತಿಳಿಯಲು ಪದವಿ ಬೇಕಿಲ್ಲ. ಹೋಗಲಿ, ಯಂತ್ರಕ್ಕೆ ಹೆಸರು ಓದಲು ಬಾರದು ಎಂದಿಟ್ಟುಕೊಳ್ಳೋಣ. ‘ಎರಡೂ ಕಡೆಯ ಫೈಲುಗಳು ಬೇರೆ ಬೇರೆ ಇವೆ, ಯಾವುದು ಬೇಕು’ ಎಂದು ಒಂದು ಮಾತು ಕೇಳಲು ಏನು ಅಡ್ಡಿಯಿತ್ತು?

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಶಾಖೆಗೆ ಮೊದಲ ಕಂಪ್ಯೂಟರ್ ಬಂದಾಗ, ದಿನದ ಕೊನೆಗೆ ಬ್ಯಾಕಪ್ ತೆಗೆಯದೆ ಯಾರೂ ಶಟರ್ ಎಳೆಯುತ್ತಿರಲಿಲ್ಲ. ಎರಡು ಲೆಕ್ಕಗಳು ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಕೂತು ಹುಡುಕುತ್ತಿದ್ದೆವು. ಒಂದು ಲೆಡ್ಜರನ್ನು ಹರಿದು ಒಲೆಗೆ ಹಾಕಿ ‘ಈಗ ತಾಳೆಯಾಯಿತು’ ಎಂದು ಹಸಿರು ಶಾಯಿಯಲ್ಲಿ ಟಿಕ್ ಹಾಕಿದವರನ್ನು ನಾನು ಕಂಡಿಲ್ಲ. ನಿಮ್ಮ ಆ್ಯಪ್ ಮಾಡಿದ್ದು ಅದನ್ನೇ.

ಜುಲೈ 20ರ ಭಾನುವಾರ ಭಾವಮೈದುನ ಬಂದು ಕೂತು ತನ್ನ ಸರದಿ ತೆರೆದ. ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ಭಾವ, ಇದು ಯಾವ ವರ್ಷದ ಲೆಕ್ಕ?’ ಎಂದ. ನಾನು ಅಡುಗೆಮನೆಯಿಂದ ಬಂದು ನೋಡಿದೆ. 2187. ಬೇರೆ ಫೈಲು ಇರಬಹುದೆಂದು ಎಲ್ಲ ಕಡೆ ಹುಡುಕಿದೆವು. ಕಾಫಿ ಆರಿಹೋಯಿತು.

ಅಂದು ರಾತ್ರಿಯೇ ತಮಗೆ ಬರೆದೆ. ಎರಡೇ ನಿಮಿಷದಲ್ಲಿ ಯಂತ್ರದ ಉತ್ತರ ಬಂತು. ಮೂರು ದಿನದ ನಂತರ ಬಂದ ಉತ್ತರದಲ್ಲಿ, ಆಟವನ್ನು ಕಿತ್ತು ಮತ್ತೆ ಹಾಕಿಕೊಳ್ಳಿ ಎಂಬ ಸಲಹೆ. ಹಾಗೆ ಮಾಡಿದ್ದರೆ ರಿಪೇರಿ ಹುಡುಗ ಡಿಸ್ಕಿನಿಂದ ಏನಾದರೂ ಎತ್ತಲು ಸಾಧ್ಯವಿದ್ದರೆ ಅದೂ ಹೋಗುತ್ತಿತ್ತು. (ಆತ ಎರಡು ಫೈಲುಗಳನ್ನು ಎತ್ತಿದ. ಎರಡೂ ತೆರೆಯುವುದಿಲ್ಲ.) ಮೂರನೆಯ ಉತ್ತರ ಜುಲೈ 26ರದು: ‘ನಮ್ಮ ಸರ್ವರ್‌ನಲ್ಲಿದ್ದ ಯಾವ ಫೈಲೂ ನಷ್ಟವಾಗಿಲ್ಲ. ನೀವು 2187ರಿಂದ ಆಟವನ್ನು ಮುಂದುವರಿಸಬಹುದು. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಕೆಳಗೆ ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆ, ಜೊತೆಗೆ ಬೇರೊಂದು ಆಟಕ್ಕೆ ಶೇಕಡಾ 10ರ ರಿಯಾಯಿತಿ ಕೂಪನ್. ಅದು ಓಡುತ್ತ ಗುಂಡು ಹಾರಿಸುವ ಆಟವಂತೆ.

ಸರ್ವರ್‌ನಲ್ಲಿ ಯಾವುದೂ ನಷ್ಟವಾಗಿಲ್ಲ ಎಂಬುದು ಅಕ್ಷರಶಃ ನಿಜ, ಅದಕ್ಕೇ ಸಿಟ್ಟು ಬರುವುದು. ಕಳ್ಳ ತನ್ನ ಮನೆಯಲ್ಲಿ ಏನೂ ಕಳುವಾಗಿಲ್ಲ ಎಂದಂತೆ ಇದು.

ಇನ್ನು ‘2187ರಿಂದ ಮುಂದುವರಿಸಬಹುದು’ ಎಂಬ ಮಾತು. ಇದನ್ನು ಬರೆದವರು ಇಂಥ ಆಟವನ್ನು ಒಂದು ದಿನವೂ ಆಡಿಲ್ಲ. ಹೋದದ್ದು ನಲವತ್ತನಾಲ್ಕು ಸರದಿ ಮಾತ್ರ ಎಂದುಕೊಂಡಿದ್ದಾರೆ. ಏನು ಹೋಯಿತು ಎಂದು ಹೇಳುತ್ತೇನೆ.

ಈ ಗ್ರಹದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಬೆಟ್ಟದ ಪಶ್ಚಿಮ ಇಳಿಜಾರಿಗೆ ಮಳೆ, ಪೂರ್ವಕ್ಕೆ ಒಣ ನೆಲ. ಮಳೆಯ ನೆಲದಲ್ಲಿ ಎರಡು ಅಂಶ ಆಹಾರ, ತೇವದ ನೆಲದಲ್ಲಿ ಒಂದು, ಒಣ ನೆಲದಲ್ಲಿ ಸೊನ್ನೆ. ಸಾಗರದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ; ನಮ್ಮಲ್ಲಿ ಕೊಡೆ ಮಡಚಲು ಬಿಡದ ಮಳೆ ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಏನಾಗಿರುತ್ತದೆಂದು ಗೊತ್ತಿದೆ. ಭಾವಮೈದುನನ ಫಲವತ್ತಾದ ಬಯಲು ನನ್ನ ಗಡಿಯ ಪೂರ್ವಕ್ಕಿತ್ತು. 2190ರಿಂದ ನಾನು ನನ್ನ ನೆಲದಲ್ಲೇ, ಗಡಿಗೆ ಒತ್ತಿಕೊಂಡು, ಉತ್ತರ ದಕ್ಷಿಣವಾಗಿ ನೆಲವನ್ನು ಎತ್ತರಿಸುತ್ತ ಬಂದೆ. ಒಂದೊಂದು ಚೌಕಕ್ಕೂ ಖಜಾನೆ ಖರ್ಚಾಗುತ್ತಿತ್ತು. ಅವನು ಕಾಫಿ ಕುಡಿಯಲು ಹೋದಾಗಲೆಲ್ಲ ಒಂದು ಚೌಕ. ಇಪ್ಪತ್ತು ವರ್ಷಕ್ಕೆ ಅದೊಂದು ಸಹ್ಯಾದ್ರಿಯಾಯಿತು. ಅವನ ಹೊಲಗಳು ಒಂದೊಂದಾಗಿ ಬಣ್ಣಗೆಟ್ಟವು. ಅವನು ಅದನ್ನು ಆಟದ ಸಹಜ ಹವಾಮಾನವೆಂದೇ ತಿಳಿದಿದ್ದ.

ಅವನೂ ಸುಮ್ಮನಿರಲಿಲ್ಲ. ಈ ಆಟದಲ್ಲಿ ಶಕ್ತಿಯೇ ಹಣ. ಗ್ರಹದ ಶಕ್ತಿ ಮಾರುಕಟ್ಟೆಯನ್ನೆಲ್ಲ ಖರೀದಿಸಿ ತನ್ನ ರಾಜಧಾನಿಯನ್ನು ಇಪ್ಪತ್ತು ವರ್ಷ ಉಳಿಸಿಕೊಂಡವನು ಗೆದ್ದಂತೆ. ಮಂಡಿಯಲ್ಲಿ ಮಾಲು ಹಿಡಿದಿಟ್ಟು ದರ ಏರಿಸುವುದನ್ನು ಜನ್ಮವಿಡೀ ನೋಡಿದವನು 2219ರಲ್ಲಿ ಒಂದೇ ಏಟಿಗೆ ಖರೀದಿ ಮಾಡಿಬಿಟ್ಟ. 2239ಕ್ಕೆ ಅವನ ಗೆಲುವು. ತಡೆಯಬೇಕಾದರೆ ಅಷ್ಟರೊಳಗೆ ನಾನು ಅವನ ರಾಜಧಾನಿಯನ್ನು ಹಿಡಿಯಬೇಕು. ಜುಲೈ 13ರ ಸಂಜೆ ನನ್ನ ಹಡಗುಗಳು ಆ ರಾಜಧಾನಿಯಿಂದ ಮೂರು ಚೌಕ ದೂರದಲ್ಲಿದ್ದವು. ಎಂಟು ಸರದಿ ಬಾಕಿ. ಜುಲೈ 20ರ ಭಾನುವಾರ ಫೈಸಲಾಗಬೇಕಿತ್ತು. ಆ ವಾರ ಅವನು ಎರಡು ಸಲ ಫೋನ್ ಮಾಡಿ ಬೇರೆ ಏನೋ ನೆಪ ಹೇಳಿ ನನ್ನ ಧ್ವನಿಯಿಂದ ಏನಾದರೂ ತಿಳಿಯುತ್ತದೆಯೇ ಎಂದು ನೋಡಿದ. ನಾನು ಹವಾಮಾನದ ಬಗ್ಗೆ ಮಾತಾಡಿದೆ.

ಫೈಲುಗಳು ಹೋದ ಆ ಮಧ್ಯಾಹ್ನ, ಇನ್ನೇನು ಉಳಿಯಿತು ಎಂಬ ಬೇಸರದಲ್ಲಿ, ಬೆಟ್ಟದ ವಿಷಯವನ್ನು ನಾನು ಹೇಳಿಬಿಟ್ಟೆ. ಅವನು ಎಷ್ಟು ವರ್ಷದಿಂದ, ಯಾವ ನೆಲೆಯಲ್ಲಿ ಹಣ ಕೂಡಿಹಾಕಿದ್ದ ಎಂದು ಅವನೂ ಹೇಳಿದ. ಈಗ 2187ರಿಂದ ಮತ್ತೆ ಆಡಲು ಕೂತರೆ ಇಬ್ಬರ ಎಲೆಗಳೂ ಅಂಗಾತ. ನಾನು ಒಂದು ಚೌಕ ಎತ್ತರಿಸಿದರೂ ಅವನು ಎದ್ದು ನಿಲ್ಲುತ್ತಾನೆ. ಚೌಕಾಬಾರದ ಮಣೆಯನ್ನು ಬೆಕ್ಕು ತುಳಿದರೆ ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಬಹುದು. ಇಲ್ಲಿ ನನ್ನವೇ ಇಪ್ಪತ್ತಮೂರು ನೆಲೆಗಳಿದ್ದವು. ಅದನ್ನೂ ಹೇಗೋ ಜೋಡಿಸಿದೆವು ಎನ್ನಿ, ಗೊತ್ತಾದ ಗುಟ್ಟನ್ನು ಮರೆಯುವುದು ಹೇಗೆಂದು ತಮ್ಮ ಸಿಬ್ಬಂದಿ ತಿಳಿಸಲಿ.

ಆ ಫೈಲುಗಳನ್ನು ಮರಳಿ ತರಲು ತಮ್ಮಿಂದ ಸಾಧ್ಯವಿಲ್ಲವೆಂದು ನನಗೂ ಗೊತ್ತಿದೆ. ಅವು ತಮ್ಮ ಸರ್ವರ್‌ಗೆ ಬಂದೇ ಇರಲಿಲ್ಲ. 349 ರೂಪಾಯಿಯೂ ಬೇಡ. ಹಣ ಕೊಟ್ಟು ಆಟವನ್ನು ಹಿಂಪಡೆದರೆ ನಷ್ಟ ನನಗೇ. ನಾನು ಕೇಳುವುದು ಇಷ್ಟು. ತಪ್ಪು ತಮ್ಮ ಆ್ಯಪ್‌ನದು ಎಂದು ಲಿಖಿತವಾಗಿ, ಮನುಷ್ಯರೊಬ್ಬರ ಹುದ್ದೆ ಮತ್ತು ಸಹಿಯೊಂದಿಗೆ ಒಪ್ಪಿಕೊಳ್ಳಿ. ಗ್ರಾಹಕರ ಕಂಪ್ಯೂಟರಿನಲ್ಲಿರುವ ಫೈಲನ್ನು ಅಳಿಸುವ ಮೊದಲು ಕೇಳುವಂತೆ, ಕೇಳದೆ ಬದಲಿಸಲೇಬೇಕಾದರೆ ಹಳೆಯದರ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟಿರುವಂತೆ ಆ್ಯಪ್‌ ಅನ್ನು ತಿದ್ದಿ, ಯಾವ ತಾರೀಖಿನೊಳಗೆ ತಿದ್ದುತ್ತೀರಿ ಎಂದು ತಿಳಿಸಿ. ಅಲ್ಲಿಯವರೆಗೆ, ಗಡಿಯಾರ ತಪ್ಪಿದ ಕಂಪ್ಯೂಟರುಗಳಲ್ಲಿ ಈ ಅಪಾಯವಿದೆ ಎಂದು ಉಳಿದ ಗ್ರಾಹಕರನ್ನಾದರೂ ಎಚ್ಚರಿಸಿ. ಹಳೆಯ ಆಟಗಳನ್ನು ಕೊಳ್ಳುವವರಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೇ ಹೆಚ್ಚು ಎಂಬುದು ಮಾರುವ ತಮಗೆ ತಿಳಿಯದ್ದೇನಲ್ಲ.

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದ ಹೊಣೆ ಕುಂದುಕೊರತೆ ಅಧಿಕಾರಿಯದು. ಆ ಅಧಿಕಾರಿಯ ಹೆಸರು, ಹುದ್ದೆಯನ್ನು ಗ್ರಾಹಕರಿಗೆ ಕಾಣುವಂತೆ ಪ್ರಕಟಿಸಬೇಕೆಂದೂ ಅದರಲ್ಲಿದೆ. ತಮ್ಮ ಜಾಲತಾಣದಲ್ಲಿ ನಾನು ಅರ್ಧ ದಿನ ಹುಡುಕಿದೆ. ಹುದ್ದೆ ಸಿಕ್ಕಿತು, ಹೆಸರು ಸಿಗಲಿಲ್ಲ. ನನ್ನ ಮೊದಲ ದೂರು ಜುಲೈ 20ರದು. ಆಗಸ್ಟ್ 20ರವರೆಗೆ ಕಾಯುತ್ತೇನೆ. ಆ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅದರಿಂದಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. 349 ರೂಪಾಯಿಗೆ ಇಷ್ಟೆಲ್ಲವೇ ಎಂದು ತಮ್ಮ ವಕೀಲರು ಕೇಳಬಹುದು. ನಾನು ನಿವೃತ್ತ, ನನಗೆ ಬಿಡುವಿದೆ.

ಕೂಪನ್ ಮತ್ತೆ ಕಳುಹಿಸಬೇಡಿ. ಫೋನಿನಲ್ಲಿ ಮಾತನಾಡುವುದಿದ್ದರೆ ಯಾವ ದಿನವಾದರೂ ಸರಿ, ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ ಬೇಡ. ಆ ಹೊತ್ತಿನಲ್ಲಿ ನಾವು 2101ರಿಂದ ಹೊಸ ಆಟ ಆಡುತ್ತಿರುತ್ತೇವೆ, ಫೈಲನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು, ನಿಮ್ಮ ಆ್ಯಪ್‌ನ ಕ್ಲೌಡನ್ನು ಬಂದ್ ಮಾಡಿ.

ಇಂತಿ ತಮ್ಮ ಗ್ರಾಹಕ,
(ಸಹಿ)