ಕಿಮೋ ವಾಂತಿ: ಮಾತ್ರೆ ಚೀಟಿ ಕನ್ನಡದಲ್ಲಿರಲಿ

ಮಾನ್ಯರೇ,

2025ರಲ್ಲಿ ರಾಜ್ಯದ 16 ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ಡೇ ಕೇರ್ ಕಿಮೋಥೆರಪಿ ಶುರುವಾದದ್ದು ದೊಡ್ಡ ಉಪಕಾರ. ಬೆಳಿಗ್ಗೆ ಡ್ರಿಪ್ ಹಾಕಿಸಿಕೊಂಡವರು ಸಂಜೆಗೆ ಊರು ಸೇರಬಹುದು. ಆದರೆ ವಾಂತಿಯ ನಿಜವಾದ ಕಾಟ ಎಷ್ಟೋ ಜನರಿಗೆ ಊರು ಸೇರಿದ ಮೇಲೆಯೇ. ಸಿಸ್‌ಪ್ಲಾಟಿನ್‌ನಂಥ ಕಿಮೋ ಔಷಧ ಹಾಕಿಸಿಕೊಂಡರೆ ಎರಡು-ಮೂರನೇ ದಿನ ಹೊಟ್ಟೆ ತೊಳೆಸುವುದು ಹೆಚ್ಚಾಗಿ, ಐದು ದಿನದವರೆಗೂ ಬಿಡದೆ ಇರಬಹುದು. ಆಗ ಪಕ್ಕದಲ್ಲಿ ನರ್ಸ್ ಇರುವುದಿಲ್ಲ, ಇಂಗ್ಲಿಷಿನಲ್ಲಿ ಗೀಚಿದ ಚೀಟಿ ಇರುತ್ತದೆ.

ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್. ‘ಕೆಂಪು ಔಷಧ’ ಎನ್ನುವ ಕಿಮೋ ಹಾಕಿ ಕಳಿಸುವಾಗ ಬರೆದುಕೊಟ್ಟ ಮಾತ್ರೆಗಳಲ್ಲಿ ಓಲಾಂಜಪಿನ್ ಇತ್ತು. ಮೆಡಿಕಲ್ ಶಾಪಿನ ಹುಡುಗ, ‘ಇದು ಮಾನಸಿಕ ಕಾಯಿಲೆಯವರ ಮಾತ್ರೆ ಅಲ್ವೇನ್ರೀ?’ ಅಂದ. ಭಾವ ಅದನ್ನು ಬಿಡಿಸಿಯೇ ಬಿಟ್ಟರು. ವಾಂತಿ ತಡೆಯುವ ಒಂಡಾನ್‌ಸೆಟ್ರಾನನ್ನೂ ‘ವಾಂತಿ ಬಂದ್ರೆ ಕೊಡೋಣ’ ಅಂತ ಎತ್ತಿಟ್ಟರು. ಪಕ್ಕದ ಮನೆಯ ಒಗ್ಗರಣೆ ವಾಸನೆಗೂ ಅಕ್ಕ ಬಚ್ಚಲಿಗೆ ಓಡುವ ಹಾಗಾಯಿತು. ಎರಡನೇ ಸುತ್ತಿನ ಕಿಮೋಗೆ ಹೋದಾಗ ಆಸ್ಪತ್ರೆ ಗೇಟ್ ಕಂಡದ್ದೇ ವಾಂತಿ, ಡ್ರಿಪ್ ಇನ್ನೂ ಹಾಕಿರಲೇ ಇಲ್ಲ! ಮೊದಲ ಸಲ ಸರಿಯಾಗಿ ತಡೆಯದಿದ್ದರೆ ಹೀಗೂ ಆಗುತ್ತದೆಂದು ಆಮೇಲೆ ವೈದ್ಯರು ಹೇಳಿದರು.

ಓಲಾಂಜಪಿನ್ ಮನೋರೋಗಕ್ಕೆ ಕೊಡುವ ಔಷಧ ಹೌದು. ವಾಕರಿಕೆ ಹುಟ್ಟಿಸುವ ಮಿದುಳಿನ ಸಂದೇಶಗಳನ್ನೂ ಅದು ತಡೆಯುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರ ವಾಂತಿ ಔಷಧಗಳ ಜೊತೆ 10 ಮಿ.ಗ್ರಾಂ ಬದಲು 2.5 ಮಿ.ಗ್ರಾಂ ಕೊಟ್ಟರೂ ವಾಂತಿ ಹತೋಟಿಗೆ ಬಂತು, ಹಗಲು ತೂಕಡಿಕೆಯೂ ತಗ್ಗಿತು. ಯಾರಿಗೆಷ್ಟು ಎಂಬುದು ವೈದ್ಯರಿಗೆ ಬಿಟ್ಟದ್ದು. ಶುಂಠಿ, ನಿಂಬೆಹಣ್ಣು, ತಣ್ಣಗಿನ ಗಂಜಿ ಬೇಡವೆಂದಲ್ಲ, ಆದರೆ ಮಾತ್ರೆಯ ಕೆಲಸವನ್ನು ಅವು ಮಾಡವು.

ಹಾಗಾಗಿ ಆರೋಗ್ಯ ಇಲಾಖೆಗೆ ಒಂದು ಬೇಡಿಕೆ. ಕಿಮೋ ಮುಗಿಸಿ ಹೊರಡುವ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಿ. ಯಾವ ಮಾತ್ರೆ, ಯಾವ ದಿನ, ವಾಂತಿ ಇಲ್ಲದಿದ್ದರೂ ಯಾವುದನ್ನು ತಪ್ಪದೆ ನುಂಗಬೇಕು, ಓಲಾಂಜಪಿನ್ ಏಕೆ ಬರೆದಿದೆ ಎಂಬುದು ಅದರಲ್ಲಿರಲಿ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ದಪ್ಪಕ್ಷರದಲ್ಲಿ ಹಾಕಿ. ಸಿಸ್‌ಪ್ಲಾಟಿನ್ ಪಡೆದವರಲ್ಲಿ ನಿರ್ಜಲೀಕರಣ ಮೂತ್ರಪಿಂಡಕ್ಕೇ ಕುತ್ತು ತರಬಹುದು. ಕೆಳಗೊಂದು ಫೋನ್ ನಂಬರ್ ಇರಲಿ, ರಾತ್ರಿ ಹೊತ್ತೂ ಎತ್ತುವಂಥದ್ದು.

– ಓದುಗಿ, ಕೊಪ್ಪಳ