ಮಾತ್ರೆಯೂ ಇರಲಿ, ಪಿಯಾನೋನೂ ಇರಲಿ

ಮ್ಯಾಂಚೆಸ್ಟರ್
ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಭಾವನಿಗೂ ಅಮ್ಮನಿಗೂ ನಮಸ್ಕಾರ ತಿಳಿಸು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತೆ. ಪುಟ್ಟ ಪಕ್ಕದಲ್ಲೇ ಇದ್ದರೆ ನೀನೂ ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಭಾವನಿಗೆ ಓದಿ ಹೇಳು, ಆಮೇಲೆ ಪುಟ್ಟನ ಕೈಗೇ ಕೊಡು. ಅವನಿಂದ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೊದಲು ಪುಟ್ಟನ ರಕ್ತದ ರಿಪೋರ್ಟಿನ ವಿಷಯ. ಅವನ ಬೈಪೋಲಾರ್ ಕಾಯಿಲೆಗೆ ಕೊಡುತ್ತಿರುವ ಲಿಥಿಯಂ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಪರೀಕ್ಷೆ ಅದು. ನೀನು ಕಳಿಸಿದ ಫೋಟೋದಲ್ಲಿ ಸೀರಂ ಲಿಥಿಯಂ 1.3 ಅಂತಿದೆ. ಅದನ್ನು ನೋಡಿಯೇ ಭಾವ ಮಾತ್ರೆ ನಿಲ್ಲಿಸಿಬಿಡೋಣ ಅಂದಿದ್ದು. ಆದರೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ರಕ್ತ ತೆಗೆದ ಹೊತ್ತು ಬೆಳಿಗ್ಗೆ 11 ಗಂಟೆ ಅಂತಲೂ ಇದೆ. ಅವತ್ತು ತಿಂಡಿ ಆದಮೇಲೆ 8 ಗಂಟೆಗೆ ಮಾತ್ರೆ ಕೊಟ್ಟೇ ಕರಕೊಂಡು ಹೋದೆ ಅಂದೆಯಲ್ಲ, ತಪ್ಪಾಗಿರುವುದು ಅಲ್ಲೇ. ಮಾತ್ರೆ ನುಂಗಿದ ಕೆಲವು ಗಂಟೆ ರಕ್ತದಲ್ಲಿ ಲಿಥಿಯಂ ಏರಿರುತ್ತೆ. ಡಾಕ್ಟರು ನೋಡುವ ಅಂಕಿ ಕೊನೆಯ ಮಾತ್ರೆಯಾಗಿ 12 ಗಂಟೆ ಕಳೆದ ಮೇಲಿನದು. ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ರಕ್ತ, ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಡೋಸ್ ಬದಲಾಗಿದ್ದರೆ ಐದರಿಂದ ಏಳು ದಿನ ಕಳೆದಿರಬೇಕು, ಇಲ್ಲದಿದ್ದರೆ ಅಂಕಿ ಇನ್ನೂ ನೆಲೆಗೆ ಬಂದಿರುವುದಿಲ್ಲ. ಲ್ಯಾಬಿನವರಿಗೆ ಇನ್ನೊಂದು ಮಾತು ಹೇಳು: ಕೆಲವು ಹಸಿರು ಮುಚ್ಚಳದ ಟ್ಯೂಬುಗಳ ಒಳಗೇ ಲಿಥಿಯಂ ಹೆಪಾರಿನ್ ಸವರಿರುತ್ತೆ. ಅದರಲ್ಲಿ ರಕ್ತ ತುಂಬಿದರೆ ಇಲ್ಲದ ಲಿಥಿಯಂ ಕೂಡ ರಿಪೋರ್ಟಿನಲ್ಲಿ ಬರುತ್ತೆ.

ಆದ್ದರಿಂದ ಆ 1.3 ಅನ್ನು ನಂಬುವ ಹಾಗೂ ಇಲ್ಲ, ತಳ್ಳಿಹಾಕುವ ಹಾಗೂ ಇಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ 11 ಗಂಟೆಯ ಲೆಕ್ಕ ಹೇಳಿ, ಅವರು ಹೇಳಿದಂತೆ ಮತ್ತೆ ಪರೀಕ್ಷೆ ಮಾಡಿಸು. ಕಾಯಿಲೆ ಹತೋಟಿಯಲ್ಲಿರುವಾಗ ಸಾಮಾನ್ಯವಾಗಿ 0.6ರಿಂದ 0.8ರ ನಡುವೆ ಇಟ್ಟುಕೊಳ್ಳುತ್ತಾರೆ, ಕೆಲವರಿಗೆ 1.0ರವರೆಗೂ ಬೇಕಾಗುತ್ತೆ. 1.5 ದಾಟಿತೆಂದರೆ ವಿಷವಾಗಲು ಶುರು. ರಿಪೋರ್ಟಿನಲ್ಲಿ ಮಿಲಿಮೋಲ್ ಅಂತಿದ್ದರೂ ಮಿಲಿಈಕ್ವಿವಲೆಂಟ್ ಅಂತಿದ್ದರೂ ಲಿಥಿಯಂಗೆ ಅಂಕಿ ಒಂದೇ, ಗಾಬರಿಯಾಗಬೇಡ.

ಇನ್ನು ಕೈ ನಡುಗುವುದು. ಪುಟ್ಟನ ಸಂಕಟವೆಲ್ಲ ಇದೇ ಅಲ್ಲವೇ? ಬೆರಳನ್ನೇ ನಂಬಿದ ಹುಡುಗ ಅವನು. ನಡುಕದಲ್ಲಿ ಎರಡು ಬಗೆ ಇದೆ, ಎರಡನ್ನೂ ಬೇರೆ ಮಾಡಿ ನೋಡಲು ನೀನು ಕಲಿಯಬೇಕು. ಅವನು ಎರಡೂ ಕೈ ಮುಂದೆ ಚಾಚಲಿ, ಬೆರಳುಗಳ ಮೇಲೆ ಒಂದು ತೆಳುವಾದ ಹಾಳೆ ಇಡು. ಹಾಳೆಯ ಅಂಚು ಸಣ್ಣಗೆ, ಬೇಗಬೇಗ ಅದುರಿದರೆ ಅದು ಲಿಥಿಯಂ ತೆಗೆದುಕೊಳ್ಳುವ ಹಲವರಲ್ಲಿ ಕಾಣುವ ಸಾಧಾರಣ ನಡುಕ. ಅಪಾಯದ್ದಲ್ಲ, ಆದರೆ ಪಿಯಾನೋ ನುಡಿಸುವವನಿಗೆ ಕಷ್ಟದ್ದೇ. ಕೈ ದೊಡ್ಡದಾಗಿ ತೂಗಾಡಿದರೆ, ಜೊತೆಗೆ ವಾಂತಿ, ಭೇದಿ, ತೊದಲು, ತೂರಾಡುವ ನಡಿಗೆ, ಮಂಪರು ಯಾವುದಾದರೂ ಸೇರಿದರೆ ಅದು ಲಿಥಿಯಂ ಏರಿದ ಲಕ್ಷಣ. ಆಗ ಮುಂದಿನ ಮಾತ್ರೆ ಕೊಡದೆ ಅದೇ ಗಳಿಗೆಯಲ್ಲಿ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗು. ಬೆಳಗಾಗಲಿ ಅಂತ ಕಾಯಬೇಡ. ಮಾತ್ರೆಯ ಚೀಟಿ, ಹಳೆಯ ರಿಪೋರ್ಟು ಜೊತೆಯಲ್ಲಿರಲಿ.

ಸಣ್ಣ ನಡುಕಕ್ಕೆ ದಾರಿಗಳಿವೆ. ಡೋಸ್ ಸ್ವಲ್ಪ ಇಳಿಸುವುದು ಒಂದು, ದಿನದ ಮಾತ್ರೆಯನ್ನೆಲ್ಲ ರಾತ್ರಿಯೇ ಕೊಡುವುದು ಇನ್ನೊಂದು, ಪ್ರೊಪ್ರನೊಲೋಲ್ ಎಂಬ ಮಾತ್ರೆ ಸೇರಿಸುವುದು ಮತ್ತೊಂದು. ಯಾವುದೆಂದು ತೀರ್ಮಾನಿಸುವುದು ಡಾಕ್ಟರು. ಆದರೆ ಪುಟ್ಟನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು ಎಂಬುದನ್ನು ನೀನು ಹೇಳಲೇಬೇಕು, ಉಬ್ಬಸದವರಿಗೆ ಪ್ರೊಪ್ರನೊಲೋಲ್ ಆಗುವುದಿಲ್ಲ. ಅವನು ಸಂಗೀತಗಾರ ಅನ್ನುವುದನ್ನೂ ಹೇಳು. ಲಿಥಿಯಂ ಬದಲು ವಾಲ್ಪ್ರೊಯೇಟ್ ಕೊಟ್ಟರೆ ಅದರಿಂದಲೂ ನಡುಕ ಬರಬಹುದು. ಕಾರ್ಬಮಜಪೈನ್ ಎಂಬ ಇನ್ನೊಂದು ಮಾತ್ರೆ ತೆಗೆದುಕೊಂಡ ಕೆಲವರಿಗೆ ಸ್ವರವೇ ಅರ್ಧ ಸ್ವರದಷ್ಟು ಕೆಳಗೆ ಕೇಳಿಸುತ್ತೆ, ನಿಲ್ಲಿಸಿದ ಮೇಲೆ ಸರಿಹೋಗುತ್ತೆ. ಬೇರೆಯವರಿಗೆ ಅದು ಗೊತ್ತೇ ಆಗಲಿಕ್ಕಿಲ್ಲ, ಸ್ವರ ಕೇಳಿಯೇ ಹೆಸರು ಹೇಳುವ ಪುಟ್ಟನಂಥವನಿಗೆ ತಲೆಯೇ ಕೆಟ್ಟಂತಾಗುತ್ತೆ.

ಕಾಫಿ ನಡುಕವನ್ನು ಜಾಸ್ತಿ ಮಾಡುತ್ತೆ. ಹಾಗಂತ ದಿನಕ್ಕೆ ನಾಲ್ಕು ಲೋಟ ಕುಡಿಯುವವನಿಗೆ ಒಂದೇ ದಿನ ಪೂರ್ತಿ ನಿಲ್ಲಿಸಬೇಡ. ಕಾಫಿ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತಿರುತ್ತೆ, ಥಟ್ಟನೆ ನಿಂತರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ಡಾಕ್ಟರಿಗೆ ಹೇಳಿ ವಾರಕ್ಕೊಂದು ಲೋಟದಂತೆ ಇಳಿಸು.

ಪ್ರತಿ ಭಾನುವಾರ ಕಾಫಿಗೆ ಮುಂಚೆ ಅವನ ಕೈಯಲ್ಲಿ ಗೆರೆಯಿಲ್ಲದ ನೋಟ್‌ಬುಕ್ಕಿನಲ್ಲಿ ಒಂದು ಸುರುಳಿ ಬರೆಸು. ನೀನು ಚಕ್ಕುಲಿ ಒತ್ತುತ್ತೀಯಲ್ಲ, ಹಾಗೆ ಒಳಗಿನಿಂದ ಹೊರಕ್ಕೆ ಐದು ಸುತ್ತು. ಅಂಗೈ ಮೇಜಿಗೆ ತಾಗಬಾರದು. ಬಲಗೈಯಲ್ಲೊಂದು, ಎಡಗೈಯಲ್ಲೊಂದು, ಕೆಳಗೆ ತಾರೀಖು. ನಾಲ್ಕು ವಾರದ ಸುರುಳಿ ಪಕ್ಕಪಕ್ಕ ಇಟ್ಟರೆ ನಡುಕ ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಿಗೇ ಕಾಣುತ್ತೆ. ಡಾಕ್ಟರಿಗೂ ಅದನ್ನೇ ತೋರಿಸು, "ಸ್ವಲ್ಪ ಜಾಸ್ತಿ ಆದಂಗಿದೆ" ಅನ್ನುವ ಮಾತಿಗಿಂತ ಅವರಿಗೆ ಅದು ಉಪಯೋಗ.

ಅಕ್ಕ, ಈಗ ಅಡಿಗೆಮನೆಯ ಮಾತು. ಇದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಭಾವನಿಗೆ ಬಿಪಿ ಅಂತ ಮನೆಮಂದಿಗೆಲ್ಲ ಉಪ್ಪು ಕಮ್ಮಿ ಮಾಡಿದ್ದೀಯ. ಲಿಥಿಯಂ ತೆಗೆದುಕೊಳ್ಳುವವನಿಗೆ ಉಪ್ಪು ಏಕಾಏಕಿ ಇಳಿಯಬಾರದು. ಮೂತ್ರಪಿಂಡಕ್ಕೆ ಸೋಡಿಯಂ, ಲಿಥಿಯಂ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ಉಪ್ಪು ಸಾಲದಾದಾಗ ಅದು ಸೋಡಿಯಂ ಹಿಡಿದಿಟ್ಟುಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತೆ. ಬಸ್ಸಾರನ್ನು ಎರಡು ಪಾತ್ರೆಗೆ ಹಾಕಿಕೊಂಡು, ಪುಟ್ಟನ ಪಾಲಿಗೆ ಮೊದಲಿನ ಹದಕ್ಕೇ ಉಪ್ಪು ಹಾಕು. ಜಾಸ್ತಿಯೂ ಬೇಡ, ಏರಿಸಿದರೆ ಲಿಥಿಯಂ ಇಳಿದುಬಿಡುತ್ತೆ. ಒಂದೇ ಸಮ ಇರಬೇಕು, ಅಷ್ಟೇ. ಕೋಲಾರದ ಬಿಸಿಲು ಇನ್ನೇನು ಏರುತ್ತೆ, ಬೆವರು ಸುರಿದಷ್ಟೂ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಿರು. ಜ್ವರ ಬಂದರೆ, ಭೇದಿಯಾದರೆ ಅದೇ ದಿನ ಡಾಕ್ಟರಿಗೆ ತಿಳಿಸು. ಅಮ್ಮ ಕೋಲಾರಮ್ಮನಿಗೆ ಹರಕೆ ಹೊತ್ತಿದ್ದಾಳಂತೆ, ಹರಕೆ ಖಂಡಿತ ತೀರಿಸಿ. ಆದರೆ ಪುಟ್ಟನ ಕೈಯಲ್ಲಿ ನೀರು ಬಿಟ್ಟ ಉಪವಾಸ ಮಾಡಿಸಬೇಡಿ.

ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಅವನಿಗೆ ಕೊಡಲೇಬೇಡ, ಎರಡೂ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು. ಭಾವನ ಬಿಪಿ ಮಾತ್ರೆಗಳಲ್ಲೂ ಲಿಥಿಯಂ ಏರಿಸುವಂಥವು ಇವೆ, ಎರಡು ಡಬ್ಬಿ ಬೇರೆಬೇರೆ ಕಡೆ ಇಡು. ಮಾತ್ರೆ ಮರೆತ ದಿನ ಮಾರನೆಯ ಹೊತ್ತಿಗೆ ಎರಡು ನುಂಗಿಸಬೇಡ. ಅವನದು ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ, ಪುಡಿ ಮಾಡಿಯೂ ಕೊಡಬೇಡ. ಅಂಗಡಿಯವನು ಬೇರೆ ಕಂಪನಿಯದು ಕೊಟ್ಟರೆ ಡಾಕ್ಟರನ್ನು ಕೇಳದೆ ತರಬೇಡ.

ಮಾತ್ರೆ ತಿಂದರೆ ಸಂಗೀತ ಸತ್ತುಹೋಗುತ್ತೆ ಅಂತ ಪುಟ್ಟ ಹೇಳಿದನಂತೆ. ಅವನಿಗಾಗಿಯೇ ಪಿಯಾನೋ ವಾದಕ ಜಾನ್ ಆಗ್ಡನ್ ಅವರ ವಿಷಯ ಬರೆಯುತ್ತೇನೆ, ಪೂರ್ತಿ ಓದಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ 1937ರಲ್ಲಿ ಹುಟ್ಟಿ, ಇದೇ ಮ್ಯಾಂಚೆಸ್ಟರಿನ ಸಂಗೀತ ಕಾಲೇಜಿನಲ್ಲಿ ಕಲಿತವರು. 1962ರಲ್ಲಿ ಮಾಸ್ಕೋದ ಚೈಕಾವ್‌ಸ್ಕಿ ಸ್ಪರ್ಧೆಯಲ್ಲಿ ವ್ಲಾದಿಮಿರ್ ಅಶ್ಕೆನಾಜಿ ಅವರ ಜೊತೆ ಮೊದಲ ಬಹುಮಾನ ಹಂಚಿಕೊಂಡರು. ಎಂಥ ಕಷ್ಟದ ಸ್ವರಲಿಪಿಯನ್ನೂ ಮುಂದಿಟ್ಟರೆ ನೋಡನೋಡುತ್ತ ನುಡಿಸಿಬಿಡುತ್ತಿದ್ದರು. ಅವರ ತಂದೆಗೂ ಮನಸ್ಸಿನ ಕಾಯಿಲೆ ಇತ್ತು. 1973ರಲ್ಲಿ ಇವರ ಆರೋಗ್ಯವೂ ಕುಸಿಯಿತು. ಉನ್ಮಾದವೂ ಖಿನ್ನತೆಯೂ ಸರದಿಯ ಮೇಲೆ ಬರುವ ಕಾಯಿಲೆ, ಪುಟ್ಟನ ಚೀಟಿಯಲ್ಲಿ ಬೈಪೋಲಾರ್ ಅಂತ ಬರೆದಿರುವುದೂ ಅದೇ.

ಎರಡು ಇಸವಿಯನ್ನೂ ಪುಟ್ಟ ಪಕ್ಕಪಕ್ಕ ಇಟ್ಟು ನೋಡಲಿ. ಬಹುಮಾನ ಬಂದ 11 ವರ್ಷಕ್ಕೆ ಅವರು ಕುಸಿದಿದ್ದು. ಆ ಕೈಚಳಕ ಕಾಯಿಲೆ ಕೊಟ್ಟದ್ದಲ್ಲ, ಆ ಹೊತ್ತಿಗಾಗಲೇ ಅವರದಾಗಿತ್ತು. ಕಾಯಿಲೆ ಮಾಡಿದ್ದು ಅವರ ವರ್ಷಗಳನ್ನು ತಿಂದದ್ದು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿದ್ದಾಗಲೂ ಅಲ್ಲಿನ ಪಿಯಾನೋದಲ್ಲಿ ದಿನಕ್ಕೆ ಮೂರು ಗಂಟೆ ಅಭ್ಯಾಸ ಮಾಡುತ್ತಿದ್ದರಂತೆ. ಆಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1983ರಲ್ಲಿ ನಾಟಿಂಗ್‌ಹ್ಯಾಮಿನ ಹೊಸ ಸಭಾಂಗಣದಲ್ಲಿ ನುಡಿಸಿದರು. ಸೊರಾಬ್ಜಿ ಅಂತ ಒಬ್ಬ ಸಂಯೋಜಕರು, ಅವರ ತಂದೆ ನಮ್ಮ ಬೊಂಬಾಯಿಯ ಪಾರ್ಸಿ. ಅವರದೊಂದು ಕೃತಿ ನಾಲ್ಕು ಗಂಟೆಗೂ ಮೀರಿದ್ದು, ಅದನ್ನು ಮುಟ್ಟಲೇ ಹೆದರುತ್ತಾರೆ. ಆಗ್ಡನ್ ಅದನ್ನು ಕುಸಿದು ಎದ್ದ ಮೇಲೆ, ಎಂಬತ್ತರ ದಶಕದಲ್ಲಿ, ಪೂರ್ತಿ ಧ್ವನಿಮುದ್ರಿಸಿದರು. ಆದ್ದರಿಂದ ಭಾವನಿಗೆ ನನ್ನ ವಿನಂತಿ, ಆ ಡಿಜಿಟಲ್ ಪಿಯಾನೋ ಮಾರುವ ಮಾತು ಬಿಡಲಿ. 88 ಮನೆಯ, ಕೀಲಿಗೆ ತೂಕವಿರುವ ಅಂಥದ್ದು ಮತ್ತೆ ಕೊಳ್ಳುವುದು ಸುಲಭವಲ್ಲ. ಹುಡುಗನಿಗೆ ಹುಷಾರಿಲ್ಲದಾಗ ಅವನಿಗೆ ಗೊತ್ತಿರುವ ಒಂದೇ ಕೆಲಸವನ್ನು ಕಿತ್ತುಕೊಳ್ಳುವುದು ನನ್ನ ಪ್ರಕಾರ ಅನ್ಯಾಯ.

ಆಗ್ಡನ್ ತೀರಿಕೊಂಡಿದ್ದು 1989ರ ಆಗಸ್ಟ್‌ನಲ್ಲಿ, 52ನೇ ವಯಸ್ಸಿಗೆ. ಕಾರಣ ನ್ಯುಮೋನಿಯಾ. ಅದರ ಹಿಂದೆ ಇದ್ದದ್ದು ಯಾರೂ ಪತ್ತೆಹಚ್ಚದ ಸಕ್ಕರೆ ಕಾಯಿಲೆ. ಅಕ್ಕ, ಇದನ್ನು ಎರಡು ಸಲ ಓದು. ಪುಟ್ಟನಿಗೆ ರಾತ್ರಿ ಕೊಡುವ ಒಲಾಂಜಪೈನ್ ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲದು. ಮೂರು ತಿಂಗಳಲ್ಲಿ ಎಂಟು ಕೆಜಿ ಏರಿದ್ದಾನೆ ಅಂದೆ. ಬಾಯಾರಿಕೆ, ಪದೇಪದೇ ಮೂತ್ರ ಲಿಥಿಯಂನಿಂದಲೂ ಬರುತ್ತೆ, ಸಕ್ಕರೆ ಕಾಯಿಲೆಯಿಂದಲೂ ಬರುತ್ತೆ. "ಮಾತ್ರೆಯಿಂದ ಇರಬೇಕು ಬಿಡು" ಅಂತ ಎಲ್ಲರೂ ಸುಮ್ಮನಾದರೆ ಸಕ್ಕರೆ ಒಳಗೊಳಗೇ ಕೂತಿರುತ್ತೆ. ಈ ಸಲ ಲಿಥಿಯಂಗೆ ರಕ್ತ ಕೊಡುವಾಗ ಖಾಲಿ ಹೊಟ್ಟೆಯಲ್ಲೇ ಕರಕೊಂಡು ಹೋಗಿ ಸಕ್ಕರೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್ ಕೂಡ ಮಾಡಿಸು. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಜೊತೆಗೆ ಕ್ಯಾಲ್ಸಿಯಂ ಪರೀಕ್ಷೆ ಆರು ತಿಂಗಳಿಗೊಮ್ಮೆ. ಲಿಥಿಯಂ ಮಟ್ಟ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ತೂಕ ಸದ್ಯಕ್ಕೆ ಪ್ರತಿ ಭಾನುವಾರ, ಸುರುಳಿಯ ಪಕ್ಕದಲ್ಲೇ ಬರೆದಿಡು.

ಲಿಥಿಯಂ ಅಂದರೆ ಬ್ಯಾಟರಿಗೆ ಹಾಕುವುದಲ್ಲವಾ ಅಂತ ಭಾವ ಕೇಳಿದರಂತೆ. ಧಾತು ಅದೇ, ಮಾತ್ರೆಯಲ್ಲಿರುವುದು ಅದರ ಒಂದು ಲವಣ. ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ 1949ರಲ್ಲೇ ಬರೆದರು. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ದೊಡ್ಡದು. ಬಿಡಬೇಕಾದರೂ ಡಾಕ್ಟರ ಕಣ್ಣಳತೆಯಲ್ಲಿ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು, ಹಂತಹಂತವಾಗಿ ಇಳಿಸುತ್ತಾರೆ.

ಅಭ್ಯಾಸದ ವಿಷಯ ಪುಟ್ಟನಿಗೆ: 20 ನಿಮಿಷ ಕೂತು 10 ನಿಮಿಷ ಏಳು. ಮೆಟ್ರೊನೋಮ್ 60ಕ್ಕಿಟ್ಟು ಎರಡು ಸ್ಥಾಯಿಯ ಸ್ಕೇಲ್‌ನಿಂದ ಶುರುಮಾಡು, ತಡವರಿಸದೆ ಮೂರು ಸಲ ಬಂದರೆ ಮೆಟ್ರೊನೋಮಿನ ಅಂಕಿ 4 ಏರಿಸು. ಈ ನಡುಕ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಾಗ ಹೆಚ್ಚು, ಆಧಾರ ಸಿಕ್ಕಾಗ ಕಮ್ಮಿ. ಆದ್ದರಿಂದ ಮೆಲ್ಲನೆಯ ಕಾರ್ಡ್ ಬರುವ ಮುಂಚೆಯೇ ಬೆರಳು ಕೀಲಿಯ ಮೇಲೆ ಕೂತಿರಲಿ, ಅಲ್ಲಿಂದಲೇ ಒತ್ತು. ರಾತ್ರಿ 8ಕ್ಕೆ ಅಭ್ಯಾಸ ಮುಗಿಯಬೇಕು.

ಅಕ್ಕ, ಹೆಡ್‌ಫೋನ್ ರಾತ್ರಿ ನಿನ್ನ ಕೋಣೆಯಲ್ಲಿರಲಿ. ಶಬ್ದ ಬರುವುದಿಲ್ಲವಾದ್ದರಿಂದ ಅವನು ಎರಡು ಗಂಟೆಯವರೆಗೆ ನುಡಿಸಿದರೂ ನಿಮಗೆ ತಿಳಿಯುವುದಿಲ್ಲ. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತೆ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಮ್ಮಿ ಮಲಗಿಯೂ ಸುಸ್ತಿಲ್ಲದೆ ಎದ್ದ, ಒಂದು ಕೃತಿ ಮುಗಿಸದೆ ಇನ್ನೊಂದಕ್ಕೆ ಹಾರಿದ, ಹತ್ತು ಕಚೇರಿಯ ಯೋಜನೆ ಹೇಳಿದ ಅಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡು. ಮಂಕಾಗಿ ಕೂತು ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಮಾತ್ರೆ ಡಬ್ಬಿಗೆ ಬೀಗ ಹಾಕಿ, ಆಸ್ಪತ್ರೆಗೆ ಕರಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸು.

ನಿಮ್ಹಾನ್ಸ್‌ಗೆ ಹೋಗಬೇಕೆಂದು ಡಾಕ್ಟರು ಹೇಳಿದರೆ ಆ ನೋಟ್‌ಬುಕ್ಕನ್ನೂ ಇಲ್ಲಿಯವರೆಗಿನ ಎಲ್ಲಾ ರಿಪೋರ್ಟನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಹೊಸ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು. ಕೊನೆಯ ಮಾತ್ರೆ ಎಷ್ಟು ಗಂಟೆಗೆ, ರಕ್ತ ಎಷ್ಟು ಗಂಟೆಗೆ, ಎರಡನ್ನೂ ಅದರ ಮೇಲೆ ಪೆನ್ನಿನಲ್ಲಿ ಬರೆದೇ ಕಳಿಸು.

ನಿನ್ನ ಪ್ರೀತಿಯ ತಮ್ಮ